ಎಡಗಣ್ಣಿನ ಬಿಳುಪು

ಲಾಂಡ್ರಿಯವರೆಲ್ಲ ಅವಳನ್ನು ಬೆಳಕಮ್ಮ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರಲ್ಲ ಅದು. ಯಾವ ಬಟ್ಟೆ ಕೈಗೆ ಬಂದರೂ "ಮೊದಲು ಬೆಳಕಿಗೆ ತನ್ನಿ" ಎನ್ನುವುದು ಅವಳ ರೂಢಿ. ಇಸ್ತ್ರಿಯವನು ಆ ಮಾತನ್ನೇ ತಮಾಷೆಗೆ ಹೆಸರು ಮಾಡಿದ. ಕೊನೆಗೆ ಗಿರಾಕಿಗಳೂ ಕೌಂಟರಿನ ಮುಂದೆ ನಿಂತು ಬೆಳಕಮ್ಮ ಇದ್ದಾರಾ ಎಂದು ಕೇಳುವಂತಾಯಿತು.

ಅವಳ ಕೆಲಸ ಬಟ್ಟೆಯ ಕಲೆ ತೆಗೆಯುವುದು. ಅಂಗಡಿಯ ಹಿಂಭಾಗದಲ್ಲಿ, ಉತ್ತರದ ಕಿಟಕಿಗೆ ಒತ್ತಿಕೊಂಡು ಒಂದು ಉದ್ದನೆಯ ಮೇಜು. ಮೇಜಿನ ಮೇಲೆ ಸಾಲಾಗಿ ಸೀಸೆಗಳು, ಹಲ್ಲುಜ್ಜುವ ಹಳೆಯ ಬ್ರಷ್ಷುಗಳು, ಒಂದು ಬಟ್ಟಲು ನೀರು, ಮಡಿಸಿಟ್ಟ ಹಳೇ ಬಟ್ಟೆಯ ತುಂಡುಗಳು. ಕಲೆಯ ಕೆಳಗೆ ಒಂದು ತುಂಡನ್ನು ಹಾಸಿ, ಅಂಚಿನಿಂದ ನಡುವಿಗೆ ಮೆಲ್ಲಗೆ ಒದ್ದೆ ಮಾಡುತ್ತ ಬರಬೇಕು. ನಡುವಿನಿಂದ ಹೊರಗೆ ಹೋದರೆ ನೀರು ಹರಡಿ, ಒಣಗಿದ ಮೇಲೆ ಉಂಗುರ ಉಳಿಯುತ್ತದೆ. ಉಜ್ಜಬಾರದು, ಒತ್ತಬೇಕು. ಉಜ್ಜಿದರೆ ಕಲೆಗೆ ಸಿಟ್ಟು ಬರುತ್ತದೆ ಎಂದು ಹೊಸಬರಿಗೆ ಹೇಳುತ್ತಿದ್ದಳು. ಅವಳ ಲೆಕ್ಕದಲ್ಲಿ ಕಲೆಗಳಿಗೆಲ್ಲ ಒಂದೊಂದು ಸ್ವಭಾವ. ಚಹಾ ಬುದ್ಧಿ ಹೇಳಿದರೆ ಕೇಳುತ್ತದೆ, ಮಸಿ ಜಗಮೊಂಡ, ತುಕ್ಕಿನ ಜೊತೆ ಮಾತಿಗೇ ಹೋಗಬಾರದು.

ಈ ಕೆಲಸವನ್ನು ಅವಳಿಗೆ ಕಲಿಸಿದ್ದು ಅಂಗಡಿಯ ಹಳೆಯ ಯಜಮಾನರು. ಅದೇ ಮೇಜಿನ ಇನ್ನೊಂದು ಬದಿಯಲ್ಲಿ ನಿಂತು ಕಲಿತವಳು ಅವರ ಮಗಳು. ಇಬ್ಬರೂ ಆಗ ಎರಡು ಜಡೆಯ ಹುಡುಗಿಯರು. ಮುದುಕರು ಹೋದ ಮೇಲೆ ಮಗಳು ಯಜಮಾನಿಯಾದಳು, ಕೌಂಟರಿಗೆ ಹೋಗಿ ಕೂತಳು. ಬೆಳಕಮ್ಮ ಮೇಜಿನ ಹತ್ತಿರವೇ ಉಳಿದಳು. ಅಷ್ಟೇ ವ್ಯತ್ಯಾಸ. ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಕೈ ಹಾಕಿ ಉಣ್ಣುವುದು, ಗಂಡಂದಿರನ್ನು ಆಡಿಕೊಂಡು ನಗುವುದು, ಒಬ್ಬಳಿಗೆ ತಲೆನೋವು ಬಂದರೆ ಇನ್ನೊಬ್ಬಳು ಬೈಯುತ್ತಲೇ ಮಾತ್ರೆ ತರುವುದು, ಇವೆಲ್ಲ ಮೊದಲಿನ ಹಾಗೇ ನಡೆದಿದ್ದವು.

ಅದು ನಿಂತದ್ದು ಮೇಜುಬಟ್ಟೆಗಳ ದಿನ.

ದೊಡ್ಡ ಹೋಟೆಲೊಂದರ ಬಿಳಿ ಮೇಜುಬಟ್ಟೆಗಳು ತೊಳೆಯಲು ಬಂದಿದ್ದವು. ಬೆಳಕಮ್ಮ ಒಂದೊಂದನ್ನೂ ಕಿಟಕಿಗೆ ಹಿಡಿದು ನೋಡಿ, ಚೊಕ್ಕಟವಾಗಿದೆ ಎಂದು ಕಳಿಸಿದ್ದಳು. ಗಂಟು ಹೋದ ಹಾಗೇ ವಾಪಸು ಬಂತು. ಹೋಟೆಲಿನವನು ಕೌಂಟರಿನ ಮೇಲೆ ಒಂದನ್ನು ಬಿಚ್ಚಿ ಹರಡಿ, ಕಲೆ ಹೋಗಿಲ್ಲವೆಂದು ಗಿರಾಕಿಗಳ ಎದುರಿಗೇ ಬಾಯಿಗೆ ಬಂದದ್ದು ಹೇಳಿದ. ಯಜಮಾನಿ ಬೆಳಕಮ್ಮನನ್ನು ಕರೆದು ಬಟ್ಟೆಯ ನಡುವೆ ಬೆರಳಿಟ್ಟಳು. ಬೆಳಕಮ್ಮ ಬಗ್ಗಿ ನೋಡಿದಳು. ಬಟ್ಟೆಯನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದಳು. ತಿರುಗಿಸಿ ನೋಡಿದಳು. ಬಿಳಿ ಬಟ್ಟೆ ಬೆಳ್ಳಗೇ ಇತ್ತು.

"ಇಲ್ಲೇನೂ ಇಲ್ಲ" ಎಂದಳು.

ಯಜಮಾನಿ ಮತ್ತೊಮ್ಮೆ ಬೆರಳಿಟ್ಟು ತೋರಿಸಿದಳು. ಬೆಳಕಮ್ಮ ಮತ್ತೆ ಇಲ್ಲ ಎಂದಳು. ಸುಮ್ಮನಿದ್ದಿದ್ದರೆ ಆಗುತ್ತಿತ್ತೇನೋ. ಅವಳು ಸುಮ್ಮನಿರಲಿಲ್ಲ. ಈ ಹೋಟೆಲಿನವರಿಗೆ ಹಣ ಕೊಡಲು ಮನಸ್ಸಿಲ್ಲ, ಅದಕ್ಕೆ ಇಲ್ಲದ ಕಲೆ ಹುಡುಕುತ್ತಿದ್ದಾರೆ ಎಂದೂ ಸೇರಿಸಿದಳು. ಒಬ್ಬ ಗಿರಾಕಿ ಕಿಸಕ್ಕನೆ ನಕ್ಕ.

ಮರುದಿನದಿಂದ ಮಡಿಸುವ ಕಡೆ ಇರು ಎಂದು ಯಜಮಾನಿ ಹೇಳಿದಳು. ಮಧ್ಯಾಹ್ನದ ಡಬ್ಬಿಗಳು ಎರಡಾದವು. ಹೊಟ್ಟೆಯಲ್ಲಿ ಮಾತು ನಿಲ್ಲದ ಇಸ್ತ್ರಿಯವನು ನಾಲ್ಕು ದಿನ ತಡೆದುಕೊಂಡು, ಕೊನೆಗೆ ಯಜಮಾನಿ ಅಂದದ್ದನ್ನು ತಂದು ಹೇಳಿಯೇಬಿಟ್ಟ: "ತಪ್ಪು ಯಾರು ಮಾಡಲ್ಲ? ಕಣ್ಣೆದುರು ಇದ್ದದ್ದನ್ನ ಇಲ್ಲ ಅಂದುಬಿಟ್ಟಳಲ್ಲ, ಅದೂ ನನ್ನ ಮುಖ ನೋಡಿಕೊಂಡು."

ಬೆಳಕಮ್ಮನಿಗೆ ಆ ಮಾತು ಎದೆಯಲ್ಲಿ ಮುಳ್ಳಾಯಿತು. ಕೆಲಸ ಕೆಟ್ಟಿತು ಎಂದಿದ್ದರೆ ತಡೆದುಕೊಳ್ಳುತ್ತಿದ್ದಳು. ಸುಳ್ಳಿ ಎಂದಳಲ್ಲ.

ಕಣ್ಣಿನ ವಿಷಯ ಗೊತ್ತಾದದ್ದು ಸೊಸೆಯಿಂದ. ಕಡುನೀಲಿ ಕೋಟಿಗೆ ಅತ್ತೆ ಕಪ್ಪು ಗುಂಡಿ ಹೊಲಿಯುತ್ತಿರುವುದನ್ನು ಕಂಡು, ಇದ್ಯಾವ ಫ್ಯಾಷನ್ ಅತ್ತೆ ಎಂದು ನಕ್ಕ ಸೊಸೆ, ಅತ್ತೆಗೆ ಅದು ತಮಾಷೆಯಾಗಿ ಕಾಣದಿದ್ದಾಗ ನಗು ನಿಲ್ಲಿಸಿದಳು. ಆ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಎರಡೂ ಕಣ್ಣಲ್ಲಿ ಪೊರೆ. ಮೊದಲು ಬಲಗಣ್ಣು ಮಾಡೋಣ, ಅದು ವಾಸಿಯಾದ ಮೇಲೆ ಎಡಗಣ್ಣು ಎಂದರು ಡಾಕ್ಟರು.

ಯಜಮಾನಿಗೆ ಸುದ್ದಿ ಮುಟ್ಟಿತು. ರಜೆ ಕೊಟ್ಟಳು, ಆದರೆ ಮನಸ್ಸು ಕರಗಲಿಲ್ಲ. ಪೊರೆ ಬಂದರೆ ಮಂಜಾಗುತ್ತದೆ, ನನ್ನ ಅಪ್ಪನಿಗೂ ಬಂದಿತ್ತು, ಮಂಜಾಗಿದೆ ಕಾಣಿಸ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು, ಇವಳು ಸೂಜಿಗೆ ದಾರ ಪೋಣಿಸುವವಳು ಎಂದಳಂತೆ. ಆ ಮಾತು ಬೆಳಕಮ್ಮನಿಗೂ ಸರಿಯೆನಿಸಿತು. ಮಂಜಾಗಿರಲಿಲ್ಲ, ನಿಜ. ಎಲ್ಲ ಕಾಣುತ್ತಿತ್ತು.

ಬಲಗಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ಅವಳಿಗೆ ಮೊದಲು ಕಂಡದ್ದು ನರ್ಸಮ್ಮನ ಕೋಟಿನ ತೋಳು. ಆ ತೋಳಿನ ಬಿಳುಪನ್ನು ಅವಳು ಕಣ್ಣರಳಿಸಿ ನೋಡಿದಳು. ಅಂಥ ಬಿಳಿಯನ್ನು ಅವಳು ಜನ್ಮದಲ್ಲಿ ತೊಳೆದಿರಲಿಲ್ಲ. ತಣ್ಣಗಿನ, ಒಳಗೆಲ್ಲೋ ನೀಲಿ ಹೊಳೆಯುವ ಬಿಳಿ.

"ಯಾವ ಸೋಪು ಹಾಕ್ತೀರಿ ತಾಯೀ?" ಎಂದು ಕೇಳಿದಳು.

"ಸೋಪು ಹಳೇದೇ ಅಮ್ಮಾ, ಕಣ್ಣು ಹೊಸದು" ಎಂದು ನರ್ಸಮ್ಮ ನಕ್ಕಳು.

ಮನೆಯ ದಾರಿಯುದ್ದಕ್ಕೂ ಬೆಳಕಮ್ಮ ಅತ್ತಿತ್ತ ನೋಡುತ್ತಲೇ ಬಂದಳು. ಯಾರದೋ ಅಂಗಳದ ಪ್ಲಾಸ್ಟಿಕ್ ಬಕೆಟ್ಟಿನ ನೀಲಿ ಕಣ್ಣಿಗೆ ಬಂದು ಹೊಡೆಯಿತು. ಬಸ್ಸಿನ ಕಂಬಿ, ಬೀದಿಗೆ ಬಳಿದ ಗೆರೆ, ಒಬ್ಬಳ ಚಪ್ಪಲಿಯ ಪಟ್ಟಿ, ಒಂದೊಂದೂ ಈಗಷ್ಟೇ ಅಂಗಡಿಯಿಂದ ತಂದಿಟ್ಟ ಹಾಗಿತ್ತು. ಇಷ್ಟೆಲ್ಲ ಇಲ್ಲೇ ಇತ್ತೇ ಎಂದು ಅವಳಿಗೆ ಅಚ್ಚರಿ. ನಿನ್ನೆಯೂ ಇತ್ತೇ?

ಮನೆಯ ಹಿತ್ತಿಲಲ್ಲಿ ಹಗ್ಗದ ಮೇಲೆ ಗಂಡನ ಅಂಗಿಗಳು ಒಣಗುತ್ತಿದ್ದವು. ಬಸ್ ಡಿಪೋದಲ್ಲಿ ಗುಮಾಸ್ತನಾಗಿದ್ದ ಅವನು ಜೀವನವಿಡೀ ಬಿಳಿ ಅಂಗಿ ತೊಟ್ಟವನು. ಆ ಅಂಗಿಗಳನ್ನು ಬೇರೆ ಯಾರ ಕೈಗೂ ಕೊಡದೆ ತಾನೇ ಒಗೆದವಳು ಅವಳು. ಈಗ ನೋಡಿದರೆ ಅವು ಹಳೇ ಪುಸ್ತಕದ ಹಾಳೆಯ ಬಣ್ಣಕ್ಕೆ ತಿರುಗಿದ್ದವು. ಒಂದಲ್ಲ, ಸಾಲಿಗೆ ಸಾಲು. ಕಂಕುಳಲ್ಲಿ ಇನ್ನೂ ಗಾಢ.

"ಏನ್ರೀ, ಇದನ್ನೇ ಹಾಕ್ಕೊಂಡು ಆಫೀಸಿಗೆ ಹೋಗ್ತಿದ್ರಾ?"

"ಬೆಳ್ಳಗಿದೆ ಹಾಕ್ಕೊಳ್ಳಿ ಅಂತ ಕೊಟ್ಟವಳು ನೀನೇ."

"ನಿಮಗೆ ಕಾಣ್ತಿರಲಿಲ್ವಾ?"

ಅವನು ಪೇಪರು ಮಡಿಸಿಟ್ಟ. "ಕಾಣ್ತಿತ್ತು. ಊರಿನ ಬಟ್ಟೆಯೆಲ್ಲ ಬಿಳಿ ಮಾಡೋಳು ಬಿಳಿ ಅಂದಮೇಲೆ ನಾನ್ಯಾರು ಹೇಳೋಕೆ. ನನ್ನ ಕಣ್ಣಲ್ಲೇ ಏನೋ ಐಬು ಅಂದ್ಕೊಂಡೆ."

ಅವಳು ಹಗ್ಗದ ಕೆಳಗೆ ನಿಂತು ಒದ್ದೆ ಅಂಗಿಯ ತೋಳನ್ನು ಹಿಡಿದುಕೊಂಡಿದ್ದಳು. ತನ್ನ ಒಂದು ಮಾತನ್ನು ನಂಬಿ ಒಬ್ಬ ಮನುಷ್ಯ ತನ್ನ ಎರಡು ಕಣ್ಣನ್ನೇ ಅನುಮಾನಿಸಿದ್ದ.

ಡಾಕ್ಟರು ಹಬೆಯ ಹತ್ತಿರ, ಒಲೆಯ ಹತ್ತಿರ, ಸೀಸೆಗಳ ಹತ್ತಿರ ಸುಳಿಯಬೇಡಿ ಎಂದಿದ್ದರು. ಕೈಗೆ ಕೆಲಸವಿಲ್ಲದೆ ಕೂತು ರೂಢಿಯಿಲ್ಲದ ಅತ್ತೆ ಮನೆಯೊಳಗೆ ಸುತ್ತುಹಾಕುವುದನ್ನು ನೋಡಲಾಗದೆ, ಸೊಸೆ ಒಂದು ಬಣ್ಣದ ಡಬ್ಬಿ ತಂದು ಮುಂದಿಟ್ಟಳು. ಶಿಶುವಿಹಾರದಲ್ಲಿ ಪುಟ್ಟ ಮಕ್ಕಳಿಗೆ ಕಲಿಸುವವಳು ಸೊಸೆ. ತಾನೂ ಒಂದು ದಪ್ಪ ಹಾಳೆಯ ಪುಸ್ತಕದಲ್ಲಿ ದಿನಕ್ಕೊಂದು ಚಿತ್ರ ಬರೆದು, ಕೆಳಗೆ ಒಂದು ಸಾಲು ಬರೆದಿಡುತ್ತಿದ್ದಳು. ಬೀಗದ ಕೈ, ಅರ್ಧ ಕುಡಿದಿಟ್ಟ ಲೋಟ, ಮಕ್ಕಳ ಒಂಟಿ ಚಪ್ಪಲಿ. ಅಂಥದೇ ಇನ್ನೊಂದು ಪುಸ್ತಕ ಅತ್ತೆಗೆ.

ನನಗೆ ಚಿತ್ರ ಬರಲ್ಲ ಎಂದಳು ಬೆಳಕಮ್ಮ. ಬರಬೇಕಾಗಿಲ್ಲ ಎಂದಳು ಸೊಸೆ. ಇದನ್ನು ಯಾರಿಗೂ ತೋರಿಸುವ ಹಂಗಿಲ್ಲ, ಅಳಿಸುವ ಹಾಗಿಲ್ಲ, ಅವಸರವಂತೂ ಇಲ್ಲವೇ ಇಲ್ಲ. ಹಾಳೆಯನ್ನು ನೀರಿನಿಂದ ಸ್ವಲ್ಪ ಒದ್ದೆ ಮಾಡಿ, ಬ್ರಷ್ಷಿನ ತುದಿಯಲ್ಲಿ ಬಣ್ಣ ಮುಟ್ಟಿಸಿ, ಕೈ ಹಿಂದಕ್ಕೆ ತಗೊಂಡು ನೋಡುತ್ತಿದ್ದರೆ ಸಾಕು. ಅರ್ಧ ಕೆಲಸ ನೀರೇ ಮಾಡುತ್ತದೆ.

ಬೆಳಕಮ್ಮ ಹಾಳೆ ಒದ್ದೆ ಮಾಡಿದಳು. ನೀಲಿ ಮುಟ್ಟಿಸಿದಳು. ಬಣ್ಣ ಮೋಡದ ಹಾಗೆ ಅಗಲವಾಗತೊಡಗಿದ ಕೂಡಲೇ ಅವಳ ಎಡಗೈ ತಾನಾಗಿ ಸೆರಗು ಹಿಡಿದು ಒತ್ತಿಬಿಟ್ಟಿತು. ಬಣ್ಣ ಮಾಯ. ಇನ್ನೊಂದು ಸಲವೂ ಅದೇ ಆಯಿತು. ಹರಡುವುದನ್ನು ಹರಡಲು ಬಿಡದಿರುವುದೇ ಅವಳ ವೃತ್ತಿಯಾಗಿತ್ತು, ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ. ಸೊಸೆ ನಕ್ಕೂ ನಕ್ಕೂ ಸುಸ್ತಾಗಿ, ಕೊನೆಗೆ ಅತ್ತೆಯ ಎಡಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ಬಿಡಿ ಅತ್ತೆ. ಅದು ಎಲ್ಲಿಗೆ ಹೋಗುತ್ತೋ ಹೋಗಲಿ."

ನೀಲಿ ಹೋಯಿತು. ತನಗೆ ಬೇಕಾದಲ್ಲಿಗೆ ಹೋಗಿ, ಅಂಚಿನಲ್ಲಿ ಕೂದಲೆಳೆಯಂಥ ಗೆರೆ ಕಟ್ಟಿ ನಿಂತಿತು. ಉಂಗುರ. ಇಷ್ಟು ವರ್ಷ ಅವಳು ಯಾವುದನ್ನು ಕಂಡರೆ ಬೆಚ್ಚುತ್ತಿದ್ದಳೋ ಅದೇ. ಹಾಳೆಯ ಮೇಲೆ ಅದು ಕೆರೆಯ ದಡದ ಹಾಗೆ ಚೆಂದವಾಗಿತ್ತು. ಅವಳು ಅದನ್ನು ಒಣಗುವವರೆಗೂ ನೋಡುತ್ತ ಕೂತಳು. ಕೆಳಗೆ ಬರೆದಳು: ನೀಲಿ. ಹೇಳಿದ ಮಾತು ಕೇಳಲಿಲ್ಲ.

ಹೀಗೆ ಶುರುವಾಯಿತು. ಸೊಸೆಯ ಬೆಳಗಿನ ಕೆಲಸ ಮುಗಿದು ಒಲೆ ಆರಿದ ಮೇಲೆ ಅಡುಗೆಮನೆಯ ಕಿಟಕಿಯ ಹತ್ತಿರ ಸ್ಟೂಲು ಎಳೆದುಕೊಂಡು ಕೂರುವುದು, ಎದುರಿಗೆ ಸಿಕ್ಕಿದ್ದೊಂದನ್ನು ಬರೆಯುವುದು. ಪಿಂಗಾಣಿ ಬಟ್ಟಲು ಬರೆದ ದಿನ ಮಗ ಬಗ್ಗಿ ನೋಡಿ, ಬಕೆಟ್ಟು ಚೆನ್ನಾಗಿ ಬಂದಿದೆ ಅಮ್ಮ ಎಂದ. ಅವಳಿಗೆ ಬೇಸರವಾಗಲಿಲ್ಲ. ಆಕಾರ ಹೇಗಾದರೂ ಹಾಳಾಗಲಿ, ಬಟ್ಟಲಿನ ನೆರಳಿನಲ್ಲಿ ನೀಲಿಯೂ ನೇರಳೆಯೂ ಇತ್ತಲ್ಲ, ಅದು ಅವಳಿಗೆ ಕಂಡಿತ್ತಲ್ಲ. ನೆರಳು ಎಂದರೆ ಕಪ್ಪು ಎಂದುಕೊಂಡೇ ಅವಳು ಇಷ್ಟು ವಯಸ್ಸು ಕಳೆದಿದ್ದಳು.

ಒಂದು ದಿನ ಹೊಸ ಕಣ್ಣಿಗೆ ಔಷಧಿ ಬಿಟ್ಟುಕೊಂಡು, ಅದನ್ನು ಕೈಯಿಂದ ಮುಚ್ಚಿ ಕೂತಿದ್ದಾಗ, ಎಡಗಣ್ಣು ಸುಮ್ಮನೆ ಆ ಬಟ್ಟಲ ಮೇಲೆ ಬಿತ್ತು. ಬಟ್ಟಲು ಚಹಾದಲ್ಲಿ ಅದ್ದಿ ತೆಗೆದಂತಿತ್ತು. ಅವಳು ಕೈ ಬದಲಿಸಿದಳು. ಬಲಗಣ್ಣಿಗೆ ತಣ್ಣಗಿನ ಬಿಳಿ. ಎಡಗಣ್ಣಿಗೆ ಚಹಾ. ಬಲಗಣ್ಣಿಗೆ ಕಿಟಕಿಯಾಚೆಯ ಆಕಾಶ ನೀಲಿ, ಎಡಗಣ್ಣಿಗೆ ಬೂದಿ. ಮನೆಯ ತುಂಬ ಓಡಾಡಿ, ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು, ಗೋಡೆ ನೋಡಿದಳು, ಹಾಸಿಗೆ ನೋಡಿದಳು, ಗಂಡನ ತಲೆಗೂದಲು ನೋಡಿದಳು. ಒಂದೇ ಮುಖದಲ್ಲಿ ಎರಡು ಲೋಕಗಳು ಅಕ್ಕಪಕ್ಕ ಮನೆ ಮಾಡಿಕೊಂಡಿದ್ದವು, ನಡುವೆ ಬರೀ ಮೂಗು.

ಆಮೇಲೆ ಅವಳಿಗೆ ಹೊಳೆದದ್ದು ಬೇರೆಯೇ. ಕೈಯೊರೆಸುವ ಬಿಳಿ ವಸ್ತ್ರದ ಮೇಲೆ ತೆಳ್ಳನೆ ಚಹಾ ಚೆಲ್ಲಿ ಒಣಗಿಸಿದಳು. ಬಲಗಣ್ಣಿಗೆ ಕಲೆ ಎದ್ದು ಕಂಡಿತು. ಎಡಗಣ್ಣಿಗೆ ಇಲ್ಲವೇ ಇಲ್ಲ. ಬಟ್ಟೆಯ ನೂಲು ನೂಲೂ ಕಾಣುತ್ತಿತ್ತು, ಅಂಚಿನ ಹೊಲಿಗೆ ಕಾಣುತ್ತಿತ್ತು, ಕಲೆ ಮಾತ್ರ ಇರಲಿಲ್ಲ.

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಮೇಜುಬಟ್ಟೆಯ ದಿನ ಅವಳು ಸುಳ್ಳು ಹೇಳಿರಲಿಲ್ಲ. ಯಜಮಾನಿಯೂ ಸುಳ್ಳು ಹೇಳಿರಲಿಲ್ಲ. ಇದನ್ನು ಅವಳಿಗೆ ತೋರಿಸಬೇಕು. ಹೇಳಿದರೆ ನಂಬುವ ಹಂತ ದಾಟಿಯಾಗಿತ್ತು, ತೋರಿಸಬೇಕು. ಸಾಕ್ಷಿ ಇದ್ದದ್ದು ಒಂದೇ, ಈ ಎಡಗಣ್ಣು. ಮುಂದಿನ ತಿಂಗಳು ಡಾಕ್ಟರು ಅದರ ಪೊರೆಯನ್ನೂ ತೆಗೆಯುವವರಿದ್ದರು. ಆಮೇಲೆ ಆ ಬಿಳುಪನ್ನು ಈ ಭೂಮಿಯ ಮೇಲೆ ಯಾರೂ ನೋಡುವಂತಿರಲಿಲ್ಲ, ಅವಳೂ ಸೇರಿ.

ಬಣ್ಣವಿದೆ, ಹಾಳೆಯಿದೆ, ಬರೆದರಾಯಿತು ಎಂದುಕೊಂಡಳು. ಬಲಗಣ್ಣನ್ನು ಕರವಸ್ತ್ರದಿಂದ ಕಟ್ಟಿ, ಬಟ್ಟಲನ್ನು ಎದುರಿಗಿಟ್ಟು, ಎಡಗಣ್ಣಿಗೆ ಕಂಡದ್ದು ಕಂಡ ಹಾಗೆ ಬರೆದಳು. ಬಟ್ಟಲಿನ ಬಣ್ಣಕ್ಕೂ ಹಾಳೆಯ ಬಣ್ಣಕ್ಕೂ ಕೂದಲಷ್ಟೂ ಫರಕಿಲ್ಲದಂತೆ ಹೊಂದಿಸಿದಳು. ಕೊನೆಗೆ ತೃಪ್ತಿಯಾಗಿ ಕರವಸ್ತ್ರ ಬಿಚ್ಚಿದರೆ, ಹಾಳೆಯ ಮೇಲೆ ಒಂದು ಬಿಳಿ ಬಟ್ಟಲು. ಚಹಾದ ಛಾಯೆ ಹೆಸರಿಗೂ ಇಲ್ಲ. ಎಂದಿನ ಹಾಗೆಯೇ ಬಟ್ಟಲು, ಎಂದಿನ ಹಾಗೆಯೇ ಹಾಳೆ.

ಮತ್ತೆ ಬರೆದಳು. ಮತ್ತೆ ಅದೇ. ಕಣ್ಣಲ್ಲಿ ಅಷ್ಟು ದಟ್ಟವಾಗಿ ಕಾಣುವ ಹಳದಿ ಕೈಯಿಂದ ಇಳಿಯುವ ಹೊತ್ತಿಗೆ ಎಲ್ಲಿ ಆವಿಯಾಗುತ್ತದೆ? ಹಾಳೆಗಳು ಹಾಳಾದವು, ಅವಳ ಮೋರೆ ಗಂಟಾಯಿತು. ಇದು ಪರೀಕ್ಷೆಯಲ್ಲ ಅತ್ತೆ, ಸಮಾಧಾನಕ್ಕೆ ಅಂತ ಕೊಟ್ಟದ್ದು ಎಂದು ಸೊಸೆ ರೇಗಿಸಿದಳು. ಸಮಾಧಾನಕ್ಕೇ ಬರೀತಿದ್ದೀನಿ ಸುಮ್ಮನಿರು ಎಂದು ಅತ್ತೆ ಗದರಿದಳು. ಸೊಸೆ ಪುಸ್ತಕ ಕಸಿದುಕೊಂಡು, ಎರಡು ದಿನ ಬರೀ ನೀರಿನಲ್ಲಿ ಆಡಿ, ಏನೂ ಬರೀಬೇಡಿ ಎಂದು ಒಂದು ಬಿಡಿ ಹಾಳೆ ಕೊಟ್ಟಳು.

ಅವಳು ಆಡಿದಳು. ಕೆಂಪಿನೊಳಗೆ ನೀರು ಬಿಟ್ಟಳು, ನೀರಿನೊಳಗೆ ಹಸಿರು ಬಿಟ್ಟಳು. ಮನಸ್ಸು ಎಲ್ಲೆಲ್ಲೋ ಹೋಯಿತು. ಹೋಗಿ ಹೋಗಿ ಅಂಗಡಿಯ ಆ ಉದ್ದ ಮೇಜಿನ ಹತ್ತಿರ ನಿಂತಿತು. ಹಳೆಯ ಯಜಮಾನರು ಇಬ್ಬರು ಹುಡುಗಿಯರಿಗೂ ಮೊದಲು ಕಲಿಸಿದ ಪಾಠ ನೆನಪಾಯಿತು. ತೇಪೆಗೆ ಬಟ್ಟೆ ಹೊಂದಿಸುವಾಗ ಬಲ್ಬಿನ ಕೆಳಗೆ ನೋಡಬೇಡಿ. ಹಳದಿ ಬಲ್ಬು ಅಂಗಿಯನ್ನೂ ಹಳದಿ ಮಾಡುತ್ತದೆ, ತೇಪೆಯನ್ನೂ ಹಳದಿ ಮಾಡುತ್ತದೆ. ಎರಡೂ ಸೇರಿಕೊಂಡು ನಿಮ್ಮನ್ನು ಮೋಸಮಾಡುತ್ತವೆ.

ಬ್ರಷ್ಷು ಕೈಯಲ್ಲೇ ನಿಂತಿತು. ಎಡಗಣ್ಣು ಬಟ್ಟಲನ್ನು ಮಾತ್ರ ಹಳದಿ ಮಾಡುತ್ತಿರಲಿಲ್ಲ, ಹಾಳೆಯನ್ನೂ ಮಾಡುತ್ತಿತ್ತು. ಎರಡೂ ಒಂದೇ ಬಲ್ಬಿನ ಕೆಳಗೆ ಇದ್ದವು. ಆ ಬಲ್ಬು ಅವಳ ತಲೆಯೊಳಗೇ ಉರಿಯುತ್ತಿತ್ತು.

ಅಂದರೆ ನೋಡುವುದು ಒಂದು ಕಣ್ಣು, ಬರೆಯುವುದು ಇನ್ನೊಂದು ಕಣ್ಣು ಆಗಬೇಕು.

ಆಮೇಲಿನ ದಿನಗಳಲ್ಲಿ ಬೆಳಕಮ್ಮ ಮಾಡಿದ ಕೆಲಸವನ್ನು ಕಂಡವರು ಅವಳಿಗೆ ಏನೋ ಆಗಿದೆ ಎಂದುಕೊಂಡಿರಬೇಕು. ಎಡಗಣ್ಣು ತೆರೆದು ವಸ್ತ್ರವನ್ನು ನೋಡುವಳು. ಆ ಬಣ್ಣವನ್ನು ಮನಸ್ಸಿನಲ್ಲಿ ತುಂಬಿಕೊಂಡು, ಆ ಕಣ್ಣು ಮುಚ್ಚಿ, ಬಲಗಣ್ಣು ತೆರೆದು, ಬಣ್ಣದ ಡಬ್ಬಿಯ ಕಡೆ ತಿರುಗುವಳು. ಬೊಗಸೆಯಲ್ಲಿ ನೀರು ಹಿಡಿದು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದಂತೆ. ಹೊಸ್ತಿಲು ದಾಟುವಷ್ಟರಲ್ಲಿ ಅರ್ಧ ಸೋರಿರುತ್ತಿತ್ತು. ಹಳದಿಗೆ ಕಂದು ಬೆರೆಸಿದರೆ ಮಣ್ಣಾಯಿತು, ಕಿತ್ತಳೆ ಬೆರೆಸಿದರೆ ಹಣ್ಣಾಯಿತು. ಮತ್ತೆ ತಿರುಗಿ ಎಡಗಣ್ಣಿಂದ ನೋಡಿ ಬರುವಳು. ಆದರೆ ಈಗ ಮೋರೆ ಗಂಟಾಗುತ್ತಿರಲಿಲ್ಲ. ಸೋರಿದರೆ ಇನ್ನೊಂದು ಬೊಗಸೆ. ಹೀಗೆ ಹೋಗಿ ಬಂದು ಮಾಡುವುದರಲ್ಲೇ ಅವಳಿಗೆ ಒಂದು ರುಚಿ ಹತ್ತಿತು. ಎಡಗಣ್ಣಿನ ಲೋಕವನ್ನು ಅವಳು ಯಾವತ್ತೂ ಹೀಗೆ ನೋಡಿರಲಿಲ್ಲ, ಅದರೊಳಗೆ ಬದುಕಿದ್ದಳು ಅಷ್ಟೆ. ನೋಡಿದರೆ ಅದೂ ಚೆಂದವಿತ್ತು. ಎಲ್ಲ ಹೊತ್ತಿನಲ್ಲೂ ಸಂಜೆಯೇ ಆಗಿರುವ ಲೋಕ.

ಕೊನೆಗೊಂದು ಬೆಳಿಗ್ಗೆ, ಪುಸ್ತಕದ ಅಕ್ಕಪಕ್ಕದ ಎರಡು ಪುಟಗಳಲ್ಲಿ ಒಂದೇ ವಸ್ತ್ರವನ್ನು ಎರಡು ಸಲ ಬರೆದಳು. ಎರಡರಲ್ಲೂ ಒಂದೇ ಮಡಿಕೆ, ಒಂದೇ ಹೊಲಿಗೆ, ನಡುವೆ ಒಂದೇ ತೆಳ್ಳನೆ ಚಹಾದ ಕಲೆ. ಎರಡನ್ನೂ ಒಣಗಲು ಬಿಟ್ಟಳು. ಬಲಪುಟವನ್ನು ಹಾಗೇ ಇಟ್ಟಳು. ಎಡಪುಟದ ಮೇಲೆ, ಈ ಕಣ್ಣಿಂದ ಆ ಕಣ್ಣಿಗೆ ಹೊತ್ತು ತಂದು ತಂದು ಹದಮಾಡಿಟ್ಟಿದ್ದ ಆ ಬಣ್ಣವನ್ನು, ಅಗಲ ಬ್ರಷ್ಷಿನಲ್ಲಿ ತೆಳ್ಳಗೆ, ಮೇಲಿನಿಂದ ಕೆಳಗೆ ಒಂದೇ ಸಲ ಎಳೆದಳು.

ಬಣ್ಣ ಇಳಿಯುತ್ತ ಬಂತು. ಮಡಿಕೆಯ ಮೇಲೆ ಹಾಯಿತು, ಮಡಿಕೆ ಉಳಿಯಿತು. ಹೊಲಿಗೆಯ ಮೇಲೆ ಹಾಯಿತು, ಹೊಲಿಗೆ ಉಳಿಯಿತು. ಕಲೆಯ ಮೇಲೆ ಹಾಯಿತು. ಕಲೆ ಮೆಲ್ಲಗೆ, ಯಾರೋ ಒಳಗೆ ಕರೆದ ಹಾಗೆ, ಮುಳುಗಿ ಹೋಯಿತು.

ಅವಳು ಎಡಗೈಯನ್ನು ಬಾಯಿಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಕಣ್ಣೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ನಡೆದದ್ದು ಈಗ ಹೊರಗೆ, ಒಂದು ಹಾಳೆಯ ಮೇಲೆ, ಅವಳ ಎದುರಿಗೇ ಆಗಿತ್ತು. ಕೆಳಗೆ ಏನು ಬರೆಯುವುದೆಂದು ತುಂಬ ಹೊತ್ತು ಯೋಚಿಸಿದಳು. ಏನೂ ಬರೆಯಲಿಲ್ಲ.

ಎಡಗಣ್ಣಿನ ಆಪರೇಷನ್ನಿನ ಹಿಂದಿನ ದಿನ, ಗಿರಾಕಿಗಳಿಲ್ಲದ ಮಧ್ಯಾಹ್ನ ನೋಡಿಕೊಂಡು, ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ಅಂಗಡಿಗೆ ಹೋದಳು. ಇಸ್ತ್ರಿಯವನು ಕಂಡವನೇ ಪೆಟ್ಟಿಗೆ ಕೆಳಗಿಟ್ಟು, ಬೆಳಕಮ್ಮನ ಕಣ್ಣಿಗೆ ಬಲ್ಬು ಹಾಕಿಸಿದ್ದಾರೆ, ಇನ್ನು ಕಿಟಕಿ ಯಾಕೆ ಎಂದ. ಅವಳು ನಕ್ಕು ಒಳಗೆ ಹೋದಳು. ಯಜಮಾನಿ ಆ ಉದ್ದ ಮೇಜಿನ ಹತ್ತಿರವೇ ಇದ್ದಳು. ಮೇಜುಬಟ್ಟೆಯ ದಿನದಿಂದ ಕಲೆಯ ಕೆಲಸವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಕೂತುಕೋ ಎಂದಳು. ಕಣ್ಣು ಹೇಗಿದೆ ಎಂದಳು. ಗಿರಾಕಿಯ ಹತ್ತಿರ ಆಡುವ ಮಾತಿನ ಹಾಗಿತ್ತು ಅದು.

ಬೆಳಕಮ್ಮ ಕೂರಲಿಲ್ಲ. ಪುಸ್ತಕ ಬಿಚ್ಚಿ ಕಿಟಕಿಯ ಬೆಳಕಿಗೆ ಇಟ್ಟಳು. ಬಲಪುಟ ತೋರಿಸಿ, ಇದು ನಿಜಕ್ಕೂ ಇರುವುದು ಎಂದಳು. ಎಡಪುಟ ತೋರಿಸಿ, ಇದು ಆ ದಿನ ನನಗೆ ಕಂಡದ್ದು ಎಂದಳು. ಒಂದೇ ಬಟ್ಟೆ, ಒಂದೇ ಕಲೆ, ಮೇಲೆ ನನ್ನ ಕಣ್ಣಿನ ಬಣ್ಣ ಒಂದು ಪದರ ಎಳೆದಿದ್ದೇನೆ, ಅಷ್ಟೇ ವ್ಯತ್ಯಾಸ ಎಂದಳು. ಬರುವ ದಾರಿಯಲ್ಲಿ ಇನ್ನೂ ಬಹಳ ಮಾತು ಜೋಡಿಸಿಕೊಂಡಿದ್ದಳು. ಅವು ಬೇಕಾಗಲಿಲ್ಲ.

ಯಜಮಾನಿ ಎಡಪುಟದ ಮೇಲೆ ಬಗ್ಗಿದಳು. ಕನ್ನಡಕ ಸರಿಮಾಡಿಕೊಂಡಳು. ಪುಸ್ತಕವನ್ನು ಎತ್ತಿ ಓರೆಮಾಡಿ, ಕಲೆಯನ್ನು ಹುಡುಕಿದಳು. ಬಲಪುಟಕ್ಕೆ ಬಂದಳು, ಮತ್ತೆ ಎಡಕ್ಕೆ ಹೋದಳು. ಬಹಳ ಹೊತ್ತಾಯಿತು. ಇಸ್ತ್ರಿಯ ಪೆಟ್ಟಿಗೆ ಆಚೆ ಉಸ್ಸೆನ್ನುತ್ತಿತ್ತು.

"ಇದರೊಳಗಿಂದ ನೋಡಿಕೊಂಡು ಇಷ್ಟು ಕಾಲ ಕೆಲಸ ಮಾಡಿದೆಯಾ?"

"ಒಳಗಿದ್ದೀನಿ ಅಂತ ಗೊತ್ತಿರಲಿಲ್ಲ."

"ಗೊತ್ತೇ ಆಗಲ್ವಾ ಅದು?"

"ಒಂದು ಕಣ್ಣು ಬೇರೆ ಆಯ್ತಲ್ಲ, ಅದಕ್ಕೆ ಗೊತ್ತಾಯ್ತು. ಎರಡೂ ಹಾಗೇ ಇದ್ದಿದ್ರೆ ಸಾಯೋವರೆಗೂ ನಿನ್ನ ಜೊತೆ ಜಗಳ ಆಡ್ತಿದ್ದೆ."

ಯಜಮಾನಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಮೂಲೆಯ ಬೀರುವಿಗೆ ಹೋಗಿ, ಹಿಂದಿನಿಂದ ಒಂದು ಮಡಿಕೆ ತೆಗೆದು ತಂದಳು. ಬಿಳಿ ದಿಂಬಿನ ಚೀಲ. ಗಿರಾಕಿ ಇದನ್ನು ಎರಡು ಸಲ ವಾಪಸು ತಂದಿದ್ದಾರೆ, ಎರಡು ಸಲವೂ ನಾನೇ ತೊಳೆದೆ, ನಾನೇ ನೋಡಿದೆ, ಏನಿಲ್ಲ ಅಂತ ನಾನೇ ಕಳಿಸಿದೆ ಎಂದಳು. ಇಸ್ತ್ರಿಯವನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು. ಅವಳ ಮುಖದಲ್ಲಿ ಇದ್ದದ್ದು ನಾಚಿಕೆಯಲ್ಲ, ಹೆದರಿಕೆ.

ಬೆಳಕಮ್ಮ ಚೀಲವನ್ನು ಕಿಟಕಿಗೆ ಹಿಡಿದಳು. ಮೊದಲು ಎಡಗಣ್ಣು. ಕಲೆ ಕಾಣಲಿಲ್ಲ. ಆಮೇಲೆ ಬಲಗಣ್ಣು.

"ಇದೆ" ಎಂದಳು.

ಯಜಮಾನಿ ಹತ್ತಿರ ಬಂದು ನಿಂತಳು. ಇಬ್ಬರ ಭುಜಗಳೂ ತಾಗಿದವು. ಕನ್ನಡಕ ತೆಗೆದು ನೋಡಿದಳು, ಹಾಕಿಕೊಂಡು ನೋಡಿದಳು. ಬಟ್ಟೆಯ ಮೇಲೆಲ್ಲ ಆಸೆಯಿಂದ ಹುಡುಕಿದಳು. ಇಲ್ಲದಿರುವುದನ್ನಲ್ಲ, ಇರುವುದನ್ನು ಹುಡುಕುತ್ತಿದ್ದಳು ಅವಳು.

"ನನಗೆ ಕಾಣ್ತಿಲ್ಲ" ಎಂದಳು ಯಜಮಾನಿ.

ಬೆಳಕಮ್ಮ ಅವಳ ಬಲಗೈ ಹಿಡಿದುಕೊಂಡಳು. ಆ ಕೈಯ ತೋರುಬೆರಳನ್ನು ಬಿಡಿಸಿ ಬಟ್ಟೆಯ ಮೇಲಿಟ್ಟು, ಕಲೆಯ ಅಂಚು ಹಿಡಿದು ಮೆಲ್ಲಗೆ ನಡೆಸಿದಳು. ಇಲ್ಲಿಂದ. ಹೀಗೆ ಬಂತು. ಇಲ್ಲಿ ಸ್ವಲ್ಪ ಒಳಗೆ ಹೋಗಿದೆ. ಬೆರಳು ಕಾಣದ ದಡದ ಮೇಲೆ ನಡೆಯುತ್ತ ಹೋಯಿತು. ಯಜಮಾನಿ, ಬೆರಳು ಹೋದ ಕಡೆಯೆಲ್ಲ ತಾನೂ ಹೋಗುತ್ತಿದ್ದಳು.